ಕೂರುವುದು ಬೇರೆ, ಹೊಂದುವುದು ಬೇರೆ

ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1939ರಲ್ಲಿ ಫಾರ್ಮಾಲ್ ಎಂ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಅದರ ಎಂಜಿನ್ನು ಪೆಟ್ರೋಲಿಗೆ ಒಂದು ಬಗೆ, ಡಿಸ್ಟಿಲೇಟಿಗೆ ಇನ್ನೊಂದು ಬಗೆ. ಡಿಸ್ಟಿಲೇಟ್ ಎಂದರೆ ಸೀಮೆಎಣ್ಣೆಯ ದಾಯಾದಿಯಂಥ ಅಗ್ಗದ ಇಂಧನ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ನು ಕಾದ ಮೇಲೆ ಅದಕ್ಕೆ ಬದಲಾಯಿಸಬೇಕಿತ್ತು.

ಎರಡರ ನಡುವಿನ ಮುಖ್ಯ ವ್ಯತ್ಯಾಸ, ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಕೆಳಗೆ ಉಳಿಯುವ ಜಾಗ. 600 ಘನ ಸೆಂಟಿಮೀಟರ್ ಮಿಶ್ರಣ 100ಕ್ಕೆ ಕುಗ್ಗಿದರೆ ಅನುಪಾತ 6. ಡಿಸ್ಟಿಲೇಟನ್ನು ಹೆಚ್ಚು ಒತ್ತಿದರೆ ತಾನಾಗಿ ಸಿಡಿದು ಎಂಜಿನ್ನು ಕಟಕಟ ಬಡಿಯುತ್ತದೆ. ಹಾಗಾಗಿ ಅದಕ್ಕೆ ಜಾಗ ಹೆಚ್ಚು. ಗಾಳಿ ತೆಳುವಾದ 5,000 ಅಡಿ ಎತ್ತರದ ಹೊಲಗಳಿಗೆ ಜಾಗ ಕಡಿಮೆ ಮಾಡುವ ಪಿಸ್ಟನ್ನುಗಳೂ ಇದ್ದವು.

ಯುದ್ಧಾನಂತರ ಡಿಸ್ಟಿಲೇಟ್ ಹಿಂದೆ ಸರಿಯಿತು. ರೈತರಲ್ಲಿ ಕೆಲವರು ಹೆಡ್ ಬದಲಿಸಿದರು, ಕೆಲವರು ಪಿಸ್ಟನ್, ಕೆಲವರು ಎರಡನ್ನೂ. ಅಂಥ ಟ್ರ್ಯಾಕ್ಟರನ್ನು ಇಂದು ಬಿಚ್ಚಿದವರಿಗೆ ಮಾಡೆಲ್ ಹೆಸರೊಂದೇ ಸಾಲದು. ವ್ಯಾಸ ಸರಿಯಿದ್ದರೆ ಹೊಸ ಪಿಸ್ಟನ್ ಕೂರುತ್ತದೆ, ಆದರೆ ಹೊಂದಿತೆಂದಲ್ಲ. ಡಿಸ್ಟಿಲೇಟ್ ಹೆಡ್ಡಿಗೆ ಡಿಸ್ಟಿಲೇಟ್ ಪಿಸ್ಟನ್ ಹಾಕಿ ಪೆಟ್ರೋಲ್ ಸುರಿದರೆ ಶಕ್ತಿ ಪೋಲು. ಎತ್ತರದ ಪಿಸ್ಟನ್ನನ್ನು ಬಯಲಿಗೆ ತಂದು ಪೆಟ್ರೋಲ್ ಹೆಡ್ಡಿನ ಕೆಳಗಿಟ್ಟರೆ, ಭಾರ ಎಳೆಯುವಾಗ ಬಡಿತ ಶುರುವಾಗಿ ಪಿಸ್ಟನ್ನೇ ಒಡೆಯಬಹುದು.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಹೆಡ್ಡಿನ ಮೇಲಿನ ಎರಕದ ಸಂಖ್ಯೆ ಓದುತ್ತಾನೆ, ಪಿಸ್ಟನ್ನಿನ ನೆತ್ತಿ ಚಪ್ಪಟೆಯೋ ಉಬ್ಬೋ ನೋಡುತ್ತಾನೆ. ಆಮೇಲೆ ಹೆಡ್ಡನ್ನು ಮಗುಚಿಟ್ಟು, ಕುಳಿಗೆ ಅಳತೆಯ ಎಣ್ಣೆ ಹೊಯ್ದು ಜಾಗವನ್ನು ಲೆಕ್ಕ ಹಾಕುತ್ತಾನೆ. ಆ ಎಂಜಿನ್ನು ಯಾವ ಇಂಧನ ಕುಡಿದು, ಯಾವ ಎತ್ತರದಲ್ಲಿ ದುಡಿದಿತ್ತೆಂಬ ಚರಿತ್ರೆ ಆ ಕುಳಿಯಲ್ಲಿದೆ.