ಹಸಿದ ಮಕ್ಕಳಿಗಾಗಿ ಉರುಳಿದ ಚೆಂಡು

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬುದು ನಮ್ಮ ಗಾದೆ. ಆಟಪಾಟಗಳನ್ನೆಲ್ಲ ಈ ಮಲ್ಲಿಗೆಯ ಲೆಕ್ಕಕ್ಕೆ ಸೇರಿಸಿಬಿಡುವುದು ಹಿರಿಯರ ವಾಡಿಕೆ. ಕನ್ನಡ ಪಾಠ ಹೇಳಿಕೊಂಡಿರುವ ಈತನಿಗೂ ಫುಟ್‌ಬಾಲಿಗೂ ಎಲ್ಲಿಯ ನಂಟು ಎಂದು ಓದುಗರು ಕೇಳಬಹುದು. ಆಟದ ನಿಯಮಗಳಿಗಿಂತ ಅದರ ಚರಿತ್ರೆಯೇ ನನ್ನನ್ನು ಸೆಳೆದುದು. ಅದರಲ್ಲಿಯೂ ಮಲ್ಲಿಗೆಯೇ ಹಿಟ್ಟನ್ನು ತಂದುಕೊಟ್ಟ ಒಂದು ಪ್ರಸಂಗ. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಸಂಘ ಹುಟ್ಟಿದ ಕಥೆ.

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿತು. ಬಡವರ ಅನ್ನವೇ ಆ ಗೆಡ್ಡೆ. ಅಲ್ಲಿಂದ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಹಡಗಿನ ದಾರಿಯಲ್ಲಿ ಹತ್ತಿರವಾಗಿದ್ದ ಗ್ಲಾಸ್ಗೋ ನಗರಕ್ಕೆ ಬಂದವರು ಅದರ ಪೂರ್ವಭಾಗದ ಕಿಕ್ಕಿರಿದ ಕೇರಿಗಳಲ್ಲಿ ನೆಲೆ ಕಂಡರು. ನಾಡು ಪ್ರಾಟೆಸ್ಟಂಟರದು, ಬಂದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಬಡತನದ ಜೊತೆಗೆ ಪರಕೀಯತೆಯೂ ಸೇರಿತು. ಸ್ಲೈಗೊ ಜಿಲ್ಲೆಯಲ್ಲಿ 1840ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದ ಆಂಡ್ರೂ ಕೆರಿನ್ಸ್ ಮಾರಿಸ್ಟ್ ಪಂಥದ ಸನ್ಯಾಸ ಸ್ವೀಕರಿಸಿ ಬ್ರದರ್ ವಾಲ್ಫ್ರಿಡ್ ಎನಿಸಿಕೊಂಡನು. ಮುಂದೆ ಸೇಕ್ರೆಡ್ ಹಾರ್ಟ್ ಶಾಲೆಯ ಮುಖ್ಯೋಪಾಧ್ಯಾಯನಾದನು.

1872ರ ಕಾನೂನು ಸ್ಕಾಟ್ಲೆಂಡಿನ ಮಕ್ಕಳು ಶಾಲೆಗೆ ಬರಲೇಬೇಕೆಂದು ವಿಧಿಸಿತ್ತು. ಬರುವ ಮಗುವಿನ ಹೊಟ್ಟೆಯ ಚಿಂತೆ ಕಾನೂನಿಗಿರಲಿಲ್ಲ. ಹಸಿದ ಹುಡುಗನಿಗೆ ಅಕ್ಷರ ಹತ್ತದೆಂಬುದು ಮೇಷ್ಟರಾದವರಿಗೆಲ್ಲ ಗೊತ್ತು. ವಾಲ್ಫ್ರಿಡ್ ಒಂದು ಪೆನ್ನಿಗೆ ಬಿಸಿಯೂಟ ಕೊಡುವ ಏರ್ಪಾಡು ಮಾಡಿದನು. ದಾನವೆಂದು ಕೊಡದೆ ಬೆಲೆಯಿಟ್ಟು ಕೊಟ್ಟುದು ತಾಯಿತಂದೆಯರ ಮಾನ ಉಳಿಸುವುದಕ್ಕೂ ಒದಗಿತು. ಇನ್ನೊಂದು ಕಾರಣವನ್ನೂ ಮುಚ್ಚಿಡಬೇಕಾಗಿಲ್ಲ: ಅನ್ಯಪಂಥದವರ ಗಂಜಿಕೇಂದ್ರಕ್ಕೆ ಹೋದ ಮಕ್ಕಳು ಗಂಜಿಯೊಡನೆ ಮತವನ್ನೂ ಬದಲಿಸಿಯಾರೆಂಬ ಭಯ ಅವನಿಗಿತ್ತು. ಕರುಣೆಯೂ ಮತಾಭಿಮಾನವೂ ಒಂದೇ ಪಾತ್ರೆಯಲ್ಲಿ ಬೆಂದವು.

ಆದರೆ ಪೆನ್ನಿಯಿಂದ ಒಲೆ ಉರಿಯುವುದೆಷ್ಟು ದಿನ? ಎಡಿನ್‌ಬರೊ ನಗರದ ಐರಿಷರ ಸಂಘ ಹಿಬರ್ನಿಯನ್ 1887ರಲ್ಲಿ ಸ್ಕಾಟಿಷ್ ಕಪ್ ಗೆದ್ದು, ಗ್ಲಾಸ್ಗೋವಿನ ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ ಸತ್ಕಾರ ಪಡೆಯಿತು. ಆಟ ನೋಡಲು ಬರುವ ಜನರ ಕಾಸಿನಿಂದ ಮಕ್ಕಳ ಊಟ ನಡೆಯಬಹುದೆಂಬುದು ವಾಲ್ಫ್ರಿಡ್‌ನಿಗೆ ಹೊಳೆಯಿತು. ಅದೇ ವರ್ಷ ನವೆಂಬರ್ 6ರಂದು ಅದೇ ಚರ್ಚಿನ ಸಭಾಂಗಣದಲ್ಲಿ ಹೊಸ ಸಂಘ ಹುಟ್ಟಿತು. ಐರಿಷರಿಗೂ ಸ್ಕಾಟರಿಗೂ ಸಲ್ಲುವಂತೆ ಸೆಲ್ಟಿಕ್ ಎಂಬ ಹೆಸರನ್ನು ಆತನೇ ಆರಿಸಿದನು. ಕೇರಿಯವರೇ ಶ್ರಮದಾನದಿಂದ ಮೈದಾನ ಸಿದ್ಧಪಡಿಸಿದರು. 1888ರ ಮೇ 28ರಂದು ಮೊದಲ ಪಂದ್ಯ. ರೇಂಜರ್ಸ್ ತಂಡವನ್ನು 5-2ರಿಂದ ಸೋಲಿಸಿದರು. ಮುಂದೆ ಮತವೈರದ ಕುರುಹಾಗಲಿದ್ದ ಈ ಎರಡು ತಂಡಗಳು ಅಂದು ಆಟ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದುವೆಂಬುದು ನೆನೆಯತಕ್ಕ ಮಾತು.

ಸಂಘ ಬೆಳೆಯಿತು, ಖರ್ಚೂ ಬೆಳೆಯಿತು. ಮೈದಾನದ ಒಡೆಯ ವರ್ಷದ ಬಾಡಿಗೆಯನ್ನು 50 ಪೌಂಡಿನಿಂದ 450ಕ್ಕೆ ಏರಿಸಿದನು. 1892ರಲ್ಲಿ ಸಂಘ ಬೇರೆ ಮೈದಾನಕ್ಕೆ ಹೋಯಿತು. ಅದೇ ವರ್ಷ ವಾಲ್ಫ್ರಿಡ್‌ನಿಗೆ ಲಂಡನ್ನಿಗೆ ವರ್ಗವಾಯಿತು. ಊಟದ ಮೇಜಿಗೆ ಹೋಗುತ್ತಿದ್ದ ಹಣ ಕುಗ್ಗಿತು. 1897ರಲ್ಲಿ ಸಂಘ ಷೇರುದಾರರ ಕಂಪನಿಯಾಯಿತು. ಮಕ್ಕಳಿಗಾಗಿ ಹುಟ್ಟಿದ ಆಟದ ಫಲ ಹೂಡಿಕೆದಾರರ ಪಾಲಾಯಿತು.

ಇದಕ್ಕೆ ನಿರ್ದೇಶಕರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಆಟಗಾರರಿಗೆ ಸಂಬಳ ಕೊಡುವುದು 1893ರಿಂದ ಸ್ಕಾಟ್ಲೆಂಡಿನಲ್ಲಿ ನ್ಯಾಯಸಮ್ಮತವಾಗಿತ್ತು. ಹಣವಿಲ್ಲದ ಸಂಘ ಉಳಿಯುವಂತಿರಲಿಲ್ಲ. ಧರ್ಮಕಾರ್ಯ ಒಬ್ಬನ ಮನಸ್ಸನ್ನೇ ಆಧರಿಸಿದ್ದರೆ, ಆತ ಊರು ಬಿಟ್ಟ ದಿನವೇ ಅದರ ಗಂಟು ಸಡಿಲವಾಗುತ್ತದೆ. ನಮ್ಮ ಎಷ್ಟೋ ಛತ್ರಗಳ, ವಿದ್ಯಾರ್ಥಿನಿಲಯಗಳ ಕಥೆಯೂ ಇದೇ ಅಲ್ಲವೆ?

ಆದರೂ ನೆನಪು ಸಾಯಲಿಲ್ಲ. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ಆಟಗಾರರೆಲ್ಲ ಮೈದಾನದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಸಂಘ ನೆರೆಹೊರೆಯದಾಗಿಯೇ ಉಳಿದಿತ್ತು. 1995ರಲ್ಲಿ ಸಂಘವೇ ಒಂದು ಧರ್ಮನಿಧಿಯನ್ನು ಸ್ಥಾಪಿಸಿತು. 2013ರಲ್ಲಿ ಅದು ಸಂಘದ ಪ್ರತಿಷ್ಠಾನದಲ್ಲಿ ಸೇರಿಹೋಯಿತು. 2005ರಲ್ಲಿ ಕ್ರೀಡಾಂಗಣದ ಮುಂದೆ ವಾಲ್ಫ್ರಿಡ್‌ನ ಪ್ರತಿಮೆ ನಿಂತಿತು.

ಇಂದು ದೊಡ್ಡ ಸಂಘಗಳೆಲ್ಲ ಸಮಾಜಸೇವೆಯ ಶಾಖೆಯೊಂದನ್ನು ಇಟ್ಟುಕೊಂಡಿವೆ. ಅದು ಲಾಭದಲ್ಲಿ ತೆಗೆದಿಟ್ಟ ಪಾಲು. ಗ್ಲಾಸ್ಗೋವಿನಲ್ಲಿ ಮೊದಲಿಗೆ ಊಟ, ಅದಕ್ಕಾಗಿ ಆಟ. ಈ ಕ್ರಮ ತಲೆಕೆಳಗಾಗಲು 10 ವರ್ಷ ಸಾಕಾಯಿತು. ಮರಳಿ ನೆನಪಾಗಲು ನೂರು ವರ್ಷ ಹಿಡಿಯಿತು. ವಾಲ್ಫ್ರಿಡ್ ಮಾತ್ರ ಯಾವುದಕ್ಕೂ ಕಾಯಲಿಲ್ಲ. ಲಂಡನ್ನಿನ ಬಡಕೇರಿಗಳಲ್ಲಿ ಬರಿಗಾಲಿನ ಹುಡುಗರನ್ನು ಕೂಡಿಸಿ ಮತ್ತೆ ಚೆಂಡಾಡಿಸಿದನು, 1915ರಲ್ಲಿ ತೀರಿಕೊಂಡನು.