ಪಂಜರದ ಗಿಳಿಯ ಬಟ್ಟಲು ಮತ್ತು ಯಕೃತ್ತಿನ ಕೊಬ್ಬು

ಸಾಕುಗಿಳಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಯಿಲೆಗೆ ಬೀಜದ ಆಹಾರವೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ. ನಮ್ಮ ಪೇಟೆಗಳಲ್ಲಿ ಲವ್‌ಬರ್ಡ್ಸ್ ಎಂದು ಮಾರಾಟವಾಗುವ ಬಡ್ಜರಿಗಾರ್, ತನ್ನ ನೆಲೆಯಾದ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಬದುಕುವುದೇ ಹುಲ್ಲಿನ ಬೀಜ ತಿಂದು. ಆದರೆ ಅದು ಕಾಳು, ನೀರು ಅರಸಿ ಬಹುದೂರ ಹಾರುತ್ತದೆ. ಹಾಗಾಗಿ ಯಾವ ಬೀಜ, ಎಷ್ಟು, ಎಂಥ ದುಡಿಮೆಗೆ ಎಂಬುದನ್ನು ಒಟ್ಟಿಗೇ ನೋಡಬೇಕು.

ನೂರು ಗ್ರಾಂ ನವಣೆಯಲ್ಲಿ ಸುಮಾರು 4 ಗ್ರಾಂ ಕೊಬ್ಬಿದ್ದರೆ, ಅಷ್ಟೇ ಸೂರ್ಯಕಾಂತಿ ತಿರುಳಿನಲ್ಲಿ ಸುಮಾರು 50 ಗ್ರಾಂ ಇರುತ್ತದೆ. ಎರಡರಲ್ಲೂ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಸುಣ್ಣದ ಅಂಶವೂ ಸಾಲದು. ಇವೆರಡನ್ನೂ ಬೆರೆಸಿಟ್ಟರೆ ಗಿಳಿ ಸೂರ್ಯಕಾಂತಿಯನ್ನೇ ಆರಿಸುತ್ತದೆ. ಕೊಕ್ಕಿನಲ್ಲಿ ಬೀಜ ಹೊರಳಿಸಿ, ಸಿಪ್ಪೆ ಸೀಳಿ, ತಿರುಳು ನುಂಗಿ, ಸಿಪ್ಪೆಯನ್ನು ಬಟ್ಟಲಿಗೇ ಬೀಳಿಸುತ್ತದೆ. ಬಟ್ಟಲಿಗೆ ಒಮ್ಮೆ ಊದಿದರೆ ಮೇಲಿನ ಸಿಪ್ಪೆಯೆಲ್ಲ ಹಾರಿ, ಹಕ್ಕಿ ಮುಟ್ಟದ ಕಾಳು ತಳದಲ್ಲಿ ಕಾಣುತ್ತದೆ. ಪೊಟ್ಟಣದ ಮೇಲೆ ಅಚ್ಚಾದ ಪೋಷಕಾಂಶಗಳ ಪಟ್ಟಿಗಿಂತ ಆ ಉಳಿಕೆಯೇ ಹಕ್ಕಿಯ ನಿಜವಾದ ಆಹಾರದ ದಾಖಲೆ ಎಂಬುದು ನನ್ನ ದೃಢ ಅಭಿಪ್ರಾಯ.

ಹಕ್ಕಿಗಳಲ್ಲಿ ಕೊಬ್ಬು ತಯಾರಾಗುವ ಮುಖ್ಯ ಸ್ಥಳ ಯಕೃತ್ತು. ಅಲ್ಲಿಂದ ಅದು ಲಿಪೊಪ್ರೋಟೀನ್ ರೂಪದಲ್ಲಿ ರಕ್ತಕ್ಕೆ ಸೇರಬೇಕು. ಆ ಸಾಗಣೆಗೆ ಪ್ರೋಟೀನ್, ಕೋಲಿನ್, ಮೆಥಿಯೊನಿನ್ ಬೇಕು. ಬಂದಷ್ಟು ಹೊರಹೋಗದಿದ್ದಾಗ ಜೀವಕೋಶಗಳಲ್ಲೇ ಕೊಬ್ಬು ಶೇಖರವಾಗಿ ಯಕೃತ್ತು ಊದಿ, ಹಳದಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಚೀಲಗಳನ್ನು ಒತ್ತಿ ಉಸಿರಾಟಕ್ಕೂ ತೊಂದರೆ ಕೊಡುತ್ತದೆ. ಬಡ್ಜರಿಗಾರ್, ಅಮೆಜಾನ್ ಗಿಳಿ, ಗಾಲಾ ಕಾಕಟೂಗಳಲ್ಲಿ ಇದು ಹೆಚ್ಚು.

ಹೊರಗೆ ಕಾಣುವ ಗುರುತುಗಳಲ್ಲಿ ಕೊಕ್ಕು ಅತಿಯಾಗಿ ಬೆಳೆಯುವುದು ಒಂದು. ಹಿಕ್ಕೆಯ ಬಿಳಿ ಭಾಗ ಹಸಿರು ಅಥವಾ ಹಳದಿಗೆ ತಿರುಗುವುದು ಇನ್ನೊಂದು. ಹಕ್ಕಿಗಳ ಪಿತ್ತದಲ್ಲಿರುವ ಮುಖ್ಯ ವರ್ಣದ್ರವ್ಯ ಬಿಲಿವರ್ಡಿನ್. ಆದ್ದರಿಂದ ಮನುಷ್ಯರ ಕಾಮಾಲೆಗೆ ಮಾಡಿಸುವ ಬಿಲಿರುಬಿನ್ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರದು. ಪಿತ್ತಾಮ್ಲಗಳ ಮಟ್ಟವನ್ನು ಅಳೆಯಬೇಕು. ಯಕೃತ್ತಿಗೆ ಪೆಟ್ಟು ಕೊಡುವುದು ಕೊಬ್ಬೊಂದೇ ಅಲ್ಲ, ಬೂಷ್ಟು ಹಿಡಿದ ಕಡಲೆಕಾಯಿಯ ಅಫ್ಲಟಾಕ್ಸಿನ್ ಕೂಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇದೇ ವಿಷ ಬೆರೆತ ಕಡಲೆಕಾಯಿ ಹಿಂಡಿಯಿಂದ.

ಕಾಯಿಲೆ ತಿಳಿದ ಕೂಡಲೇ ಬೀಜ ನಿಲ್ಲಿಸಿ ಪೆಲೆಟ್ (ಗುಳಿಗೆ ರೂಪದ ಸಿದ್ಧ ಆಹಾರ) ಮಾತ್ರ ಇಡುವವರಿದ್ದಾರೆ. ಇದು ಅಪಾಯ. ಎಷ್ಟೋ ಗಿಳಿಗಳು ಪೆಲೆಟ್ಟನ್ನು ಆಹಾರವೆಂದೇ ಗುರುತಿಸುವುದಿಲ್ಲ. ಉಪವಾಸ ಬಿದ್ದಾಗ ಮೈಯ ಕೊಬ್ಬು ಕರಗಿ, ಮೊದಲೇ ಸೋತ ಯಕೃತ್ತಿಗೆ ಮತ್ತಷ್ಟು ಹರಿದುಬರುತ್ತದೆ. ಸೂರ್ಯಕಾಂತಿಯನ್ನು ವಾರಗಟ್ಟಲೆ ಸಮಯ ತೆಗೆದುಕೊಂಡು ಕಡಿಮೆ ಮಾಡುತ್ತ, ಪೆಲೆಟ್, ನುಗ್ಗೆಸೊಪ್ಪು, ಕ್ಯಾರೆಟ್ ತುರಿ ರೂಢಿಸಬೇಕು. ಬಡ್ಜರಿಗಾರ್‌ನ ತೂಕ 30ರಿಂದ 40 ಗ್ರಾಂ ಮಾತ್ರ. ದಿನವೂ ಬೆಳಿಗ್ಗೆ ಗ್ರಾಂ ತಕ್ಕಡಿಯಲ್ಲಿ ತೂಗಿ, ಮೂರ್ನಾಲ್ಕು ಗ್ರಾಂ ಇಳಿದರೆ ಅಂದೇ ಹಳೆಯ ಆಹಾರವನ್ನು ಮರಳಿ ಕೊಟ್ಟು ಪಶುವೈದ್ಯರಿಗೆ ತೋರಿಸಬೇಕು.