ಗ್ರಾಮೀಣ ಕ್ಯಾನ್ಸರ್ ರೋಗಿಗಳ ಆರ್ಥಿಕ ಸಂಕಷ್ಟ (ಕರ್ನಾಟಕ)

ಕ್ಯಾನ್ಸರ್ ಚಿಕಿತ್ಸೆಗೆಂದು ಹಳ್ಳಿಯ ಕುಟುಂಬ ಮಾಡುವ ಖರ್ಚು, ಕಳೆದುಕೊಳ್ಳುವ ದುಡಿಮೆ ಮತ್ತು ಮೈಮೇಲೆ ಬೀಳುವ ಸಾಲ ಇವೆಲ್ಲ ಸೇರಿ ಉಂಟಾಗುವ ಸ್ಥಿತಿ. ಕರ್ನಾಟಕದಲ್ಲಿ ಬಡ ಕುಟುಂಬಗಳ ಆಸ್ಪತ್ರೆ ಬಿಲ್ಲನ್ನು ಸರ್ಕಾರಿ ಯೋಜನೆಗಳು ಬಹುಮಟ್ಟಿಗೆ ಭರಿಸುತ್ತವೆ. ಆದರೂ ಸಂಕಷ್ಟ ತಪ್ಪಿಲ್ಲ. ಹಳ್ಳಿಯವರನ್ನು ಹಣ್ಣುಮಾಡುವ ಖರ್ಚು ಹೆಚ್ಚಾಗಿ ಬಿಲ್ಲಿನಲ್ಲಿ ಬರುವುದೇ ಇಲ್ಲ.

ದೊಡ್ಡ ಕಾರಣ ದೂರ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಕಲಬುರಗಿಯಲ್ಲಿ ಅದರ ಕೇಂದ್ರವಿದೆ, ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯಿದೆ. ಆದರೂ ವಿಕಿರಣ ಚಿಕಿತ್ಸೆಯ ಯಂತ್ರಗಳಿರುವುದು ಕೆಲವೇ ನಗರಗಳಲ್ಲಿ. ಜನ ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆ ಒಂದು ಸಲಕ್ಕೆ ಕೆಲವೇ ನಿಮಿಷಗಳದ್ದು. ಆದರೆ ಬಾಯಿ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದ ರೈತ ಆ ಕೆಲವು ನಿಮಿಷಗಳಿಗಾಗಿ ಒಂದೂವರೆ ತಿಂಗಳು ಅಲ್ಲೇ ಉಳಿಯಬೇಕು, ಜೊತೆಗೊಬ್ಬರು ಇರಲೇಬೇಕು. ಧರ್ಮಶಾಲೆಯಲ್ಲಿ ಜಾಗ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಬಾಡಿಗೆ ಕೋಣೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಾಯಿಯೆಲ್ಲ ಹುಣ್ಣಾಗಿ ರೋಗಿಗೆ ಹೋಟೆಲಿನ ಊಟ ಇಳಿಯದು. ಗಂಜಿ, ಹಾಲು, ಮೊಟ್ಟೆ ಹೊಂದಿಸಬೇಕು. ಇತ್ತ ಊರಲ್ಲಿ ಹತ್ತಿ ಬಿಡಿಸುವ ಕಾಲ ಬಂದಿರುತ್ತದೆ. ಮನೆಯ ಇಬ್ಬರು ದುಡಿಯುವವರು ಇಲ್ಲದ ಹೊತ್ತಿನಲ್ಲಿ ಆ ಕೆಲಸಕ್ಕೂ ಕೂಲಿ ಕೊಟ್ಟು ಆಳು ಕರೆಯಬೇಕು. ಈ ಯಾವುದಕ್ಕೂ ರಸೀದಿ ಇರುವುದಿಲ್ಲ.

ರೋಗ ಯಾವುದೆಂದು ತಿಳಿಯುವ ಮೊದಲೇ ಕೈ ಬರಿದಾಗುವುದೂ ಉಂಟು. ಊರಿನ ಡಾಕ್ಟರು, ತಾಲ್ಲೂಕು ಆಸ್ಪತ್ರೆ, ಖಾಸಗಿ ಸ್ಕ್ಯಾನಿಂಗ್ ಕೇಂದ್ರ, ಬಯಾಪ್ಸಿ ಎಂದು ಅಲೆಯುವಾಗಿನ ದುಡ್ಡು ಬಹುಪಾಲು ಜೇಬಿನಿಂದಲೇ ಹೋಗುತ್ತದೆ. ಅದನ್ನು ಹೊಂದಿಸುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವೇ: ಮೊದಲು ಕೈಸಾಲ ಮತ್ತು ಸಂಘದ ಸಾಲ, ಬಳಿಕ ಒಡವೆ ಗಿರವಿ, ಆಮೇಲೆ ದನಕರು ಮಾರಾಟ, ಕಡೆಗೆ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಹಾಕುವುದು. ಈ ದಾರಿಗಳೂ ಮುಗಿದು, ನೋವು ತುಸು ಇಳಿದೊಡನೆ ಮುಂದಿನ ಕಿಮೋಗೆ ಬಾರದೆ ಉಳಿಯುವವರಿದ್ದಾರೆ. ಅದನ್ನು ಅಜ್ಞಾನ ಎನ್ನುವುದು ಸುಲಭ, ಆದರೆ ಅಷ್ಟೇನೂ ನ್ಯಾಯವಲ್ಲ.

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ, ದೇಶದಲ್ಲಿ ಕ್ಯಾನ್ಸರಿಗಾಗಿ ಒಮ್ಮೆ ಆಸ್ಪತ್ರೆಗೆ ದಾಖಲಾದರೆ ಆಗುವ ಸರಾಸರಿ ವೈದ್ಯಕೀಯ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ ಸುಮಾರು 22,500 ರೂಪಾಯಿ, ಖಾಸಗಿಯಲ್ಲಿ ಸುಮಾರು 93,000 ರೂಪಾಯಿ.

2010ರಲ್ಲಿ ಗುಲ್ಬರ್ಗ (ಈಗಿನ ಕಲಬುರಗಿ) ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಿಪಿಎಲ್ ಕುಟುಂಬಗಳಿಗೆ ಕ್ಯಾನ್ಸರ್, ಹೃದ್ರೋಗದಂಥ ಕಾಯಿಲೆಗಳ ಚಿಕಿತ್ಸೆ ಕೊಡಿಸಿತು. ಹಳ್ಳಿಗಳ ಬಳಿಯೇ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿದ್ದು ಅದರ ಹೆಚ್ಚುಗಾರಿಕೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವು ಯೋಜನೆಗೆ ಒಳಪಟ್ಟ ಕುಟುಂಬಗಳಲ್ಲಿ ಈ ಕಾಯಿಲೆಗಳ ಸಾವೂ ದೊಡ್ಡಾಸ್ಪತ್ರೆಗೆ ಕೈಯಿಂದ ಹಾಕುವ ಹಣವೂ ಗಣನೀಯವಾಗಿ ತಗ್ಗಿದ್ದನ್ನು ತೋರಿಸಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಈ ಮೊತ್ತ ಇಡೀ ಮನೆಗೆ, ತಲೆಗಿಷ್ಟು ಎಂದಲ್ಲ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಎರಡೆಕರೆ ಒಣಭೂಮಿಯ ರೈತನ ಕೈಯಲ್ಲಿ ಎಪಿಎಲ್ ಕಾರ್ಡಿದ್ದರೆ ಅವನ ಪಾಡು ಹೇಳತೀರದು. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು; ಅದಿಲ್ಲದೆ ನೇರ ಹೋದವರು ಮತ್ತೆ ಜಿಲ್ಲಾಸ್ಪತ್ರೆಗೆ ಎಡತಾಕಬೇಕಾಗುತ್ತದೆ.

ಪ್ರಯಾಣದ ಖರ್ಚಿಗೆ ಚೂರುಪಾರು ಆಸರೆಯಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಎಸಿ ಮೂರನೇ ದರ್ಜೆಯಲ್ಲಿ ಟಿಕೆಟ್ ಉಚಿತ, ಜೊತೆಗಾರರಿಗೆ ಶೇ. 75 ರಿಯಾಯಿತಿ, ವೈದ್ಯರ ಪ್ರಮಾಣಪತ್ರ ಬೇಕು. 2023ರ ಶಕ್ತಿ ಯೋಜನೆ ರೋಗಿಗಳಿಗೆಂದು ಬಂದದ್ದಲ್ಲ, ಆದರೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಓಡಾಡುವ ಮಹಿಳಾ ರೋಗಿಗಳಿಗೆ ಒದಗಿಬಂದಿದೆ. ಔಷಧದ ಬೆಲೆಯ ಮಟ್ಟಿಗೆ, 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಗಳ ಮಾರಾಟ ಲಾಭಾಂಶಕ್ಕೆ ಶೇ. 30ರ ಮಿತಿ ಹಾಕಿತು.

2025ರಲ್ಲಿ ರಾಜ್ಯದ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಆರಂಭವಾಯಿತು. ಬೆಳಿಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಊರು ಸೇರುವಂತಾದರೆ ಕೋಣೆ ಬಾಡಿಗೆಯೂ ಉಳಿಯುತ್ತದೆ, ಜೊತೆಗೆ ಬಂದವರ ಕೂಲಿಯೂ ಹೆಚ್ಚು ದಿನ ತಪ್ಪುವುದಿಲ್ಲ. ವಿಕಿರಣ ಚಿಕಿತ್ಸೆ ಬೇಕಾದವರು ಮಾತ್ರ ಈಗಲೂ ದೂರದ ನಗರಕ್ಕೇ ಹೋಗಬೇಕು.